ಡಾಕ್ಟರಿಗೂ ಕವಳ

ನನ್ನ ಎಡಗಡೆಯ ದವಡೆ ಕೊಯ್ದು ತೆಗೆದದ್ದು ಕವಳದಿಂದ. ಎಲೆ, ಅಡಿಕೆ, ಸುಣ್ಣ, ತಂಬಾಕು. ಅಘನಾಶಿನಿಯಲ್ಲಿ ಹೊಳೆಗಿಳಿದು ಬಳಚಿನ ಚಿಪ್ಪಿ ಹೆಕ್ಕುವಾಗ ಹಸಿವೆ ಗೊತ್ತಾಗಬಾರದೆಂದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆವು. ಎಲ್ಲ ಹೆಂಗಸರೂ. ಮುಚ್ಚಿಡುವುದು ಎಂತ ಇದೆ? ನನ್ನ ಮುಖವೇ ಹೇಳುತ್ತದೆ.

ಕೊಯ್ದು ಬದುಕಿಸಿದ ಮೆಡಿಕಲ್ ಕಾಲೇಜಿನವರು ಬದುಕಿದವರನ್ನು ಮರೆಯುವುದಿಲ್ಲ. ವರ್ಷಕ್ಕೊಮ್ಮೆ ಕರೆಸಿ, ಬಾಯಿ ಎಷ್ಟು ತೆರೆಯುತ್ತದೆ, ಏನು ನುಂಗುತ್ತೀರಿ ಎಂದು ಕೇಳುತ್ತಾರೆ. ಈ ಸಲ ಅವರೇ ಬಂದರು. ಮನೆಯವರ ಬಾಯಿಯನ್ನೂ ನೋಡಬೇಕಂತೆ. ಒಂದೇ ಮನೆಯಲ್ಲಿ ಈ ರೋಗ ಯಾರಿಗೆ ಬರುತ್ತದೆ, ಯಾರಿಗಿಲ್ಲ ಎಂಬುದು ಅವರ ಸಂಶೋಧನೆ. ಬಂದದ್ದು ಒಬ್ಬಳು ಡಾಕ್ಟರ್ ಹುಡುಗಿ, ಸಂಗಡ ಒಬ್ಬಳು ನರ್ಸು.

ಅವರು ಜಗುಲಿಯಲ್ಲಿ ಕೂತದ್ದೇ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಎಂತ ಮಾಡಿದಳು? ನೀರು, ಬೆಲ್ಲ ಕೊಟ್ಟು, ಕವಳದ ಬಟ್ಟಲು ತಂದು ಅವರ ಮುಂದಿಟ್ಟಳು. ತಂಬಾಕು ಸಮೇತ!

ನನಗೆ ಮೈಯೆಲ್ಲ ಉರಿಯಿತು. "ನಿಂಗೆ ಮಂಡೆ ಸಮ ಅದ್ಯನೇ? ಕ್ಯಾನ್ಸರ್ ನೋಡುಕೆ ಬಂದವ್ರಿಗೆ ಕವಳನಾ?"

"ಬಂದವ್ರನ್ನ ಕವಳ ಕೊಡ್ದೆ ಕಳಿಸೂದಾ ಅಕ್ಕಾ? ಮನೆ ಮರ್ಯಾದಿ ಎಂತ ಆತು?"

ಡಾಕ್ಟರ್ ಹುಡುಗಿ ನಕ್ಕಳು. ಅದೂ ನನಗೆ ಸರಿಬರಲಿಲ್ಲ. ನಗುವ ವಿಷಯವಾ ಇದು? ನಕ್ಕು ಮುಗಿಸಿ ಪುಸ್ತಕದ ಕನ್ನಡದಲ್ಲಿ ಕೇಳಿದಳು, "ತಾವು ತಂಬಾಕು ಸೇವಿಸುತ್ತೀರಾ?"

ಓರಗಿತ್ತಿ ಸೆರಗಿನಿಂದ ಕೆಂಪು ತುಟಿ ಒರೆಸಿಕೊಂಡು, "ಛೇ ಛೇ, ಇಲ್ಲಪ್ಪ" ಅಂದಳು. ಸೇವಿಸುವುದು ಅಂದರೆ ಅವಳ ಲೆಕ್ಕದಲ್ಲಿ ಗಂಡಸರು ಬೀಡಿ ಎಳೆಯುವುದು. ತನ್ನದು ಬರೀ ಕವಳ.

ಟಾರ್ಚ್ ಹಾಕಿ ನೋಡಿದರೆ ಅವಳ ಕೆನ್ನೆಯೊಳಗೆ ಬಿಳಿ ಕಲೆ. ಹುಡುಗಿಯ ನಗು ಹೋಯಿತು. "ತಡ ಮಾಡಬೇಡಿ, ಕಾಲೇಜಿಗೆ ಬನ್ನಿ. ಚೂರು ತೆಗೆದು ಪರೀಕ್ಷೆ ಮಾಡಬೇಕು. ಈಗ ಬಂದರೆ ಇಲ್ಲಿಗೇ ನಿಲ್ಲಿಸಬಹುದು."

ಅವರು ಹೋದದ್ದೇ ಮನೆಯಲ್ಲಿ ಸಭೆ ಕೂಡಿತು. ಮೈದುನನಿಗೆ ಅದು ಸುಣ್ಣ ಹೆಚ್ಚಾಗಿ ಸುಟ್ಟದ್ದು. ನೆರೆಮನೆಯವಳು ಅವನಿಗಿಂತ ದೊಡ್ಡ ಡಾಕ್ಟರು: "ಕತ್ತಿ ತಾಗಿದ್ರೆ ಹರಡ್ತದೆ. ಅಕ್ಕನ್ನೇ ಕಾಣು, ಕೊಯ್ದೇ ಹಿಂಗಾದದ್ದು." ನನ್ನೆದುರೇ! ಕೊಯ್ಯದಿದ್ದರೆ ನಾನು ಯಾವತ್ತೋ ಬೂದಿ. ಆ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಓರಗಿತ್ತಿ, "ಮಳೆಗಾಲ ಮುಗೀಲಿ, ಕಾಂಬ" ಅಂದಳು.

ಆಪರೇಷನ್ ಆದಮೇಲೆ ನಾನು ಯಾರೆದುರೂ ಉಂಡವಳಲ್ಲ. ಒಲೆಯ ಕಡೆ ಮುಖ ಮಾಡಿ ಗಂಜಿ ಕುಡಿಯುತ್ತೇನೆ. ಅವತ್ತು ತಾಟು ತಂದು ಅವಳೆದುರೇ ಕೂತೆ. ಬಾಯಿಗೆ ಹಾಕಿದ ಗಂಜಿ ಸೊಟ್ಟ ಬದಿಯಿಂದ ಸೋರಿತು. ಬೆರಳಲ್ಲಿ ಒಳಗೆ ದೂಡಿದೆ. ಮತ್ತೆ ಸೋರಿತು. ಮೈದುನ ಎದ್ದು ಹೊರಗೆ ಹೋದ. ಅವಳೂ ಏಳಲು ನೋಡಿದಳು.

"ಕೂತ್ಕಂಡು ಕಾಣು" ಅಂದೆ. "ನಂದು ಬಿಳಿ ಕಲೆ ಇರುವಾಗ ಯಾರೂ ಟಾರ್ಚ್ ಹಾಕಿ ನೋಡ್ಲಿಲ್ಲ. ನಿನ್ನ ಮನೆ ಬಾಗ್ಲಿಗೆ ಬಂದು ನೋಡಿ ಹೋದ್ರು. ಇನ್ನೆಂತ ಬೇಕು ನಿಂಗೆ, ಆರತಿನಾ?"

ಮರುದಿನ ಕಾಲೇಜಿಗೆಂದು ಅವಳನ್ನು ಕುಮಟೆಯಲ್ಲಿ ಬಸ್ಸು ಹತ್ತಿಸಿ, ನಾನೂ ಹತ್ತಿದೆ. ಹೊನ್ನಾವರ ದಾಟಿದರೂ ಮುಖ ಊದಿಸಿಕೊಂಡೇ ಕೂತಿದ್ದಳು. ಭಟ್ಕಳ ಬರುವಾಗ ಮೆಲ್ಲಗೆ ಕೇಳಿದಳು, "ಅಕ್ಕಾ, ಚೂರು ತೆಗಿಯುವಾಗ ನೋವಾಗ್ತದ್ಯಾ?"

"ಆಗ್ತದೆ" ಅಂದೆ. ಮತ್ತೆಂತ ಹೇಳಬೇಕಿತ್ತು?

ಬಸ್ಸಿಳಿದು ಓಡಲಿಲ್ಲ ಅವಳು. ನನಗೆ ಅಷ್ಟು ಸಾಕಿತ್ತು.