ಒಲೆಗೆ ಹಾಕಿದ ಹನ್ನೊಂದು ಮಂದಿ

ಅಣ್ಣ, ನಿನ್ನ ಕ್ರಿಕೆಟ್ ಕಾರ್ಡುಗಳನ್ನು ಹಂಡೆಯ ಒಲೆಗೆ ಹಾಕಿದ್ದು ಅಜ್ಜಿಯಲ್ಲ, ನಾನು. ಇಷ್ಟು ವರ್ಷ ಇದನ್ನು ನುಂಗಿಕೊಂಡೇ ನಿನ್ನೆದುರು ಓಡಾಡಿದೆ—

ಬಬಲ್‌ಗಮ್ ಪೊಟ್ಟಣದಲ್ಲಿ ಒಂದೊಂದಾಗಿ ಬರುತ್ತಿದ್ದ ಆ ಕಾರ್ಡುಗಳಿಗಾಗಿ ನೀನು ಪಟ್ಟ ಪಾಡು ನನಗೆ ಗೊತ್ತಿಲ್ಲವೇ? ಅರಸೀಕೆರೆಯ ಯಾವ ಅಂಗಡಿಯಲ್ಲೂ ನಮ್ಮ ಕ್ಯಾಪ್ಟನ್ ಸಿಗಲಿಲ್ಲ. ಕೊನೆಗೆ ನೀನು ಬೇಲೂರಿನ ಮಾವನ ಮಗನಿಗೆ ನಿನ್ನ ಸೈಕಲ್ ಬೆಲ್ ಬಿಚ್ಚಿಕೊಟ್ಟು ಆ ಕಾರ್ಡು ತಂದುಕೊಂಡೆ. ಆಮೇಲೆ ಬೀದಿಯುದ್ದಕ್ಕೂ "ಸೈಡು, ಸೈಡು" ಎಂದು ಬಾಯಲ್ಲೇ ಬೆಲ್ ಹೊಡೆಯುತ್ತಿದ್ದೆ. ಇಂಡಿಯಾ ಟೀಮು ಪೂರ್ತಿಯಾದ ದಿನ ಮನೆಮಂದಿಗೆಲ್ಲ ತೋರಿಸಿದೆ. ನಾನು ಕೈಚಾಚಿದಾಗ ಮಾತ್ರ "ಮುಟ್ಬೇಡ ಕಣೇ, ಕೊಳೆಯಾಗುತ್ತೆ" ಎಂದೆ. ನಿನ್ನಷ್ಟೇ ಕ್ರಿಕೆಟ್ ಹುಚ್ಚು ನನಗೂ ಇತ್ತು. ಅದು ನಿನಗೆ ಕಾಣಲೇ ಇಲ್ಲವೋ, ಹುಡುಗಿಗೆ ಯಾಕೆ ಅಂದುಕೊಂಡೆಯೋ...

ಇಂಡಿಯಾ ಹೀನಾಯವಾಗಿ ಸೋತ ದಿನ ನೀನು ಊಟ ಬಿಟ್ಟು, ಕಾರ್ಡುಗಳನ್ನು ಟೀವಿ ಮುಂದೆಯೇ ಬಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ಅಜ್ಜಿ ಎಂದಿನಂತೆ ತೆಂಗಿನ ಸಿಪ್ಪೆ ಒಟ್ಟಿ, ಹಂಡೆಗೆ ಉರಿ ಹಾಕಿ, ಹೂ ಬಿಡಿಸಲು ಹಿತ್ತಲಿಗೆ ಹೋಗಿದ್ದಳು. ಸೋತವರ ಮೇಲಿನ ಸಿಟ್ಟು, ನಿನ್ನ ಮೇಲಿನ ಹಳೆಯ ಸಿಟ್ಟು—ಎರಡೂ ಸೇರಿಕೊಂಡವು. ಹನ್ನೊಂದು ಮಂದಿಯನ್ನೂ ನಾನು ಒಲೆಗೆ ಹಾಕಿದೆ. ಕ್ಯಾಪ್ಟನ್ ಸುರುಟಿಕೊಳ್ಳುವುದನ್ನು ಕಂಡು ತೆಗೆಯಲು ಹೋದೆ. ಆಗಲಿಲ್ಲ.

ಬೂದಿಯಲ್ಲಿ ಅರೆಸುಟ್ಟ ತುಂಡೊಂದು ನಿನ್ನ ಕಣ್ಣಿಗೆ ಬಿತ್ತು. "ಓದೋಕೆ ಬರ್ದೋಳು ಕಾಗ್ದ ಯಾಕೆ ಮುಟ್ತೀಯ?" ಎಂದು ಅಜ್ಜಿಯ ಮೇಲೆ ರೇಗಿದೆ. ಅಜ್ಜಿ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾನೇ ಹಾಕಿರ್ಬೇಕು ಕಣಪ್ಪ. ಕಣ್ಣು ಮಂಜಾಗೈತೆ. ಕೈಗೆ ಏನ್ ಸಿಗುತ್ತೋ ನಂಗೇ ಗೊತ್ತಾಗಾಕಿಲ್ಲ."

ನಾನು ಹಲ್ಲುಜ್ಜುತ್ತ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತುಂಬ ಪೇಸ್ಟಿತ್ತು. ಉಗಿದು ಒಂದು ಮಾತು ಹೇಳಬಹುದಿತ್ತು—ಉಗಿದೆ, ಹೇಳಲಿಲ್ಲ.

ನಾಲ್ಕು ದಿನಕ್ಕೆ ನಿನ್ನ ಸಿಟ್ಟು ಇಳಿಯಿತು. ಅವಳ ಕೈಯಿಂದಲೇ ಕೊಬ್ಬರಿ ಬೆಲ್ಲ ಇಸಿದುಕೊಂಡು ತಿಂದೆ. ಅಜ್ಜಿ ಮಾತ್ರ ಮರೆಯಲಿಲ್ಲ. ಅಂದಿನಿಂದ ಸಾಯುವ ತನಕ, ಒಲೆ ಹಚ್ಚುವ ಮುಂಚೆ, ಸಕ್ಕರೆ ಕಟ್ಟಿಸಿಕೊಂಡು ಬಂದ ಪೇಪರಾದರೂ ಸರಿ, ನನ್ನ ಹತ್ತಿರ ತರುತ್ತಿದ್ದಳು. ನಿನ್ನನ್ನು ಕೇಳಲು ಅವಳಿಗೆ ಭಯ. "ನೋಡವ್ವ, ಇದನ್ನ ಸುಡ್ಬೋದಾ?" ಎನ್ನುವಳು. ಸುಡು ಅಜ್ಜಿ, ಎನ್ನುತ್ತಿದ್ದೆ. ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದವಳನ್ನು ಹುಡುಕಿಕೊಂಡು ಬಂದು ನಂಬುತ್ತಿದ್ದಳು. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ, ನಾಳೆ ಹೇಳಿದರಾಯಿತು ಎಂದು... ಅಜ್ಜಿ ಹೋಗಿಬಿಟ್ಟಳು.

ಪಿತೃಪಕ್ಷದಲ್ಲಿ ಎಡೆ ಇಡುವಾಗ ನೀನು ಪ್ರತಿವರ್ಷ ನಗುತ್ತ ಹೇಳುತ್ತೀಯಲ್ಲ, "ನಮ್ಮಜ್ಜಿ ಇಂಡಿಯಾ ಟೀಮನ್ನೇ ಸುಟ್ಟು ನೀರು ಕಾಯಿಸಿದ್ಲು" ಎಂದು—ನಿನ್ನ ಮಕ್ಕಳು, ನನ್ನ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅವಳ ಫೋಟೋದ ಮುಂದೆ ನಿಂತು ನಾನೂ ನಗುತ್ತೇನೆ. ನನಗೆ ನಾಚಿಕೆಯಾಗುತ್ತದೆ ಅಣ್ಣ.

ಈ ವರ್ಷ ಮಕ್ಕಳೆಲ್ಲ ಕೂತಿರುವಾಗಲೇ ಇದನ್ನು ಹೇಳುತ್ತೇನೆ. ನೀನು ಬೈದರೂ ಸರಿಯೇ. ಅವರು ಯಾರೂ ಅಜ್ಜಿಯನ್ನು ಕಂಡವರಲ್ಲ. ಅವಳ ಬಗ್ಗೆ ಅವರಿಗೆ ಗೊತ್ತಿರುವುದು ಅದೊಂದೇ ಕತೆ—ಅದೂ ನನ್ನದು.