ಮಾವ ತಂದ ಪಾರಿವಾಳ

ಬಳ್ಳಾರಿಯ ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ನಿಂತಿದ್ದ ಸೋದರಮಾವನ ಕೈಚೀಲದಿಂದ ಪಾರಿವಾಳವೊಂದು ತಲೆ ಹೊರಹಾಕಿತು. ಲಕ್ವ ಹೊಡೆದು ಅಪ್ಪನ ಬಲಗೈ ಸ್ವಾಧೀನ ತಪ್ಪಿತ್ತು. ಪಾರಿವಾಳದ ಬಿಸಿರಕ್ತ ಸವರಿದರೆ ಅಂಥ ಕೈಗೆ ಜೀವ ಬರುತ್ತದೆಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಮಾವ ಸಿರುಗುಪ್ಪದಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು.

ಒಳಬಂದ ಡಾಕ್ಟರ್ ಗದರುತ್ತಾರೆಂದು ಹೆದರಿದೆ. ಆದರೆ ಅವರು ಅಪ್ಪನ ರಕ್ತಪರೀಕ್ಷೆಯ ವರದಿ ಹಿಡಿದು, ಮಾವನನ್ನೂ ಕೂರಿಸಿ ಪಕ್ಕದಲ್ಲಿ ಕುಳಿತರು.

"ಮೆದುಳಿಗೆ ಪೆಟ್ಟಾದ್ರ ಅದರ ಗುರುತು ರಕ್ತದಾಗ ಸಿಗತೈತ್ರಿ. ಇವರ ರಕ್ತದಾಗ ಅದು ಕಡಿಮಿ ಐತಿ. ಖಾತ್ರಿ ಹೇಳಾಕ ಬರಂಗಿಲ್ಲ, ಆದ್ರ ಕೈ ತಿರುಗಿ ಬರೋ ಲಕ್ಷಣ ಅದಾವು. ದಿನಾ ಕೈ ಆಡಿಸ್ರಿ."

ಮಾವ ಅಪ್ಪನ ತೋಳಿನ ಮೇಲಿದ್ದ ಸೂಜಿಯ ಗುರುತನ್ನೇ ಬಹಳ ಹೊತ್ತು ನೋಡಿದರು. "ತಲಿಯಾಗಿನ ಸುದ್ದಿ ತೋಳಿನ ರಕ್ತಕ್ಕ ಗೊತ್ತಿರತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು. ಮಾವ ಪಾರಿವಾಳದ ತಲೆ ಸವರಿ ಮತ್ತೆ ಚೀಲದೊಳಗೆ ಬಿಟ್ಟರು.

ಆ ಪಾರಿವಾಳ ಈಗ ಕುರುಗೋಡಿನ ನಮ್ಮ ಮಾಳಿಗೆಯ ಮೇಲಿದೆ. ಅಪ್ಪ ಬೆಳಿಗ್ಗೆ ಅದೇ ಬಲಗೈಯಿಂದ ಅದಕ್ಕೆ ಜೋಳ ಚೆಲ್ಲುತ್ತಾರೆ. ಅರ್ಧ ಕಾಳು ಬೆರಳ ಸಂದಿಯಿಂದ ಜಾರಿ ಅವರ ಕಾಲ ಬಳಿಯೇ ಬೀಳುತ್ತದೆ. ಪಾರಿವಾಳ ಅಲ್ಲಿಗೇ ಬರುತ್ತದೆ.