ಅಮ್ಮನ ಮಾತು ತಂದುಕೊಟ್ಟವರು

ಆಕೆಯ ಬಲಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತಾಡಲು ಬಾಯಿ ತೆರೆದರೆ ಸಾಕು, ಕತ್ತು ಹೊರಳಿಸಿ, ನರೆಗೂದಲನ್ನು ಹಿಂದಕ್ಕೆ ತಳ್ಳಿ, ಎಡಗಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ತರುತ್ತಿದ್ದರು. ಕಣ್ಣು ನೆಲದ ಮೇಲಿರುತ್ತಿತ್ತು. ಗೊತ್ತಿಲ್ಲದವರಿಗೆ, ಮುಖ ತಿರುಗಿಸಿಕೊಂಡರೇನೋ ಅನ್ನಿಸಬೇಕು. ನನಗೂ ಮೊದಲು ಹಾಗೇ ಅನ್ನಿಸಿ ಸಿಟ್ಟು ಬಂದಿತ್ತು.

ಕೊರೋನಾದ ಎರಡನೇ ಅಲೆಯ ಕಾಲ. ಅಮ್ಮನಿಗೆ ಉಸಿರು ಸಿಕ್ಕದೆ, ತಮಿಳುನಾಡಿನ ನಮ್ಮೂರು ಹರೂರಿನಿಂದ ಸೇಲಂಗೆ ಕರೆತಂದು ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಾವೆಲ್ಲ ಕೂತಿರುತ್ತಿದ್ದೆವು. ಒಳಗಿಂದ ಯಾರಾದರೂ ಬಂದು ರೋಗಿಯೊಬ್ಬರ ಹೆಸರು ಕೂಗಿದರೆ, ಅವರ ಮನೆಯವರನ್ನು ಬಿಟ್ಟು ಉಳಿದವರೆಲ್ಲ ಉಸಿರು ಬಿಡುತ್ತಿದ್ದರು. ಆ ಮನೆಯವರು ಮಾತ್ರ ಕಾಲೆಳೆದುಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅಮ್ಮನ ಹೆಸರು ಕೂಗಿದರು. ಎದ್ದು ಹೋದೆ. ಮಾಸ್ಕು ಹಾಕಿದ, ಗಟ್ಟಿಮುಟ್ಟಾದ ಹೆಂಗಸೊಬ್ಬರು ನಿಂತಿದ್ದರು. ಅಲ್ಲಿ ಎಲ್ಲರೂ ಆಕೆಯನ್ನು ಪೆರಿಯ ಸಿಸ್ಟರ್, ಅಂದರೆ ದೊಡ್ಡ ಸಿಸ್ಟರ್, ಅನ್ನುತ್ತಿದ್ದರು. ನಾನು ತಮಿಳಿನಲ್ಲಿ ಏನೋ ಕೇಳಹೋದೆ. ಆಕೆ ಎಡಗಿವಿಯನ್ನು ಹತ್ತಿರ ತಂದರು, ಕೇಳಿಸಿಕೊಂಡರು, ಆಮೇಲೆ ಕನ್ನಡದಲ್ಲಿ ಅಂದರು:

“ಬದುಕವ್ರೆ, ಅಳ್ಬ್ಯಾಡ. ನಿಮ್ಮವ್ವಂಗೆ ಜ್ವರದಾಗೆ ತಮಿಳೆಲ್ಲಾ ಮರ್ತೋಗೈತೆ. ಬರೀ ಕನ್ನಡ ಆಡ್ತಾವ್ರೆ. ನಮ್ಮ ಉಡ್ಗೀರಿಗೆ ಒಂದೂ ಪುರಿಯಲ್ಲ, ಅರ್ತ ಆಗಲ್ಲ. ನಂದು ಮೇಟ್ಟೂರ್ ಕಡೆ, ಮನೇಲಿ ಇದೇ ಮಾತು. ನಾನ್ ಕೇಳ್ತೀನಿ, ನೀ ಯೋಚ್ನೆ ಮಾಡ್ಬ್ಯಾಡ.”

ಅಂದಿನಿಂದ ಡ್ಯೂಟಿ ಮುಗಿದ ಮೇಲೆ ಆಕೆ ಗೇಟಿಗೆ ಬರುತ್ತಿದ್ದರು. ಅಮ್ಮ ಏನೇನು ಅಂದಳೋ ಅದನ್ನು ಅವಳ ಧಾಟಿಯಲ್ಲೇ ಹೇಳುತ್ತಿದ್ದರು. “ಉಣ್ಸೆಣ್ಣು ಒಣಗಾಕಿವ್ನಿ, ಮೋಡ ಐತೆ, ಎತ್ತಿಕ್ರಮ್ಮ ಅಂದ್ರು. ಎತ್ತಿಕ್ಕಿದೀವಿ ಅಂದೆ.” ಜೀವಮಾನವೆಲ್ಲ ಹುಣಸೆ ಬಡಿದು ಬೀಜ ಬಿಡಿಸಿದ ಅಮ್ಮ ಅಲ್ಲೂ ಅದೇ ಕೆಲಸದಲ್ಲಿದ್ದಳು. ನಾನು ನಕ್ಕೆ. ನಗುತ್ತಲೇ ಅಳು ಬಂತು. ಆಕೆ ಸಮಾಧಾನ ಹೇಳಲಿಲ್ಲ. ಸ್ಟೀಲು ಬಾಟಲಿಯಲ್ಲಿ ತಂದಿದ್ದ ರಾಗಿ ಅಂಬಲಿಯನ್ನು ನಿಂತೇ ಕುಡಿದು, ಬಾಯೊರೆಸಿಕೊಂಡು ಹೊರಟರು. ಕೂತು ಉಂಡದ್ದನ್ನು ನಾನು ಎಂದೂ ನೋಡಲಿಲ್ಲ.

ಸಿಹಿಯಾಗಿ ಮಾತಾಡುವ ಹೆಂಗಸಲ್ಲ. ಯಾರೋ ಸಂಘದವರು ನರ್ಸುಗಳಿಗೆ ಶಾಲು ಹೊದಿಸಲು ಕ್ಯಾಮರಾ ಸಮೇತ ಬಂದಿದ್ದರು. ಆಕೆ ಶಾಲನ್ನು ಮಡಿಸಿ ಅವರ ಕೈಗೇ ಕೊಟ್ಟು, “ಒಳಗೆ ಗ್ಲೌಸ್ ಇಲ್ಲ, ಅದು ತನ್ನಿ” ಎಂದು ತಮಿಳಿನಲ್ಲಿ ಗದರಿದರು. ಆಮೇಲೆ ನನ್ನತ್ತ ತಿರುಗಿ, “ಯುದ್ಧದಾಗೂ ಇಂಗೇಯ. ಆರ ಆಕಕ್ಕೆ ಬತ್ತಾರೆ. ಉಚ್ಚೆ ಪಾತ್ರೆ ಎತ್ತಕ್ಕೆ ಯಾರೂ ಬರಲ್ಲ” ಅಂದರು.

ಯುದ್ಧದ ವಿಷಯ ನನಗೆ ತಿಳಿದದ್ದು ಹಾಗೆ. ಚಿಕ್ಕ ವಯಸ್ಸಿನಲ್ಲಿ ಆಕೆ ಮಿಲಿಟರಿ ನರ್ಸಾಗಿದ್ದರು. ಉತ್ತರದ ಬೆಟ್ಟಗಳಲ್ಲಿ ಯುದ್ಧ ನಡೆದಾಗ, ಕೆಳಗಿನ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದರು. ಹತ್ತಿರದಲ್ಲೇ ಶೆಲ್ಲು ಬಿದ್ದು ಬಲಗಿವಿ ಹೋಯಿತು. ಕಿವಿಯ ಬಗ್ಗೆ ಆಕೆಗೆ ದೊಡ್ಡ ದುಃಖವೇನೂ ಇರಲಿಲ್ಲ. ದುಃಖವಿದ್ದದ್ದು ಬೇರೆ.

“ಒಬ್ಬ ಸಿಪಾಯಿ ಬಂದಿದ್ದ. ಒಟ್ಟೆ ಎಲ್ಲಾ ಒಡ್ದೋಗಿತ್ತು. ಈಶಾನ್ಯದ ಕಡೆ ಬೆಟ್ಟದೋನು. ಇಂದಿ ಬತ್ತಿತ್ತು, ಆದ್ರೆ ಸಾಯೋ ಒತ್ನಲ್ಲಿ ಅವ್ರ ಬಾಸೇನೇ ಆಡ್ದ. ನನ್ ಕೈ ಇಡ್ಕೊಂಡು ಬೋ ಒತ್ತು ಆಡ್ದ ಕಣಮ್ಮ. ಯಾರಿಗೋ ಏನೋ ಏಳ್ಕಳಿಸ್ತಾವ್ನೆ ಅಂತ ಗೊತ್ತಾಯ್ತದೆ. ಏನಂತ ಗೊತ್ತಾಗಲ್ಲ. ನಾನು ಊಂ ಊಂ ಅಂದೆ. ಅವ್ನು ನಂಬ್ಕೊಂಡು ಕಣ್ ಮುಚ್ಚಿದ. ಅವ್ನ ತಾಯಿಗೆ ಓಗಬೇಕಾದ ಮಾತು. ನನ್ತಾವೇ ಬಂದು ನಿಂತೋಯ್ತು.”

ಆಸ್ಪತ್ರೆಯ ಕಾಂಪೌಂಡಿಗೆ ಒರಗಿ ನಿಂತು, ಬಸ್ಸುಗಳ ಹಾರ್ನಿನ ನಡುವೆ ಆಕೆ ಇದನ್ನು ಹೇಳಿದರು.

ಅಮ್ಮ ಹೋದದ್ದು ಒಂದು ಬೆಳಿಗ್ಗೆ. ಅಂದು ಹೆಸರು ಕೂಗಲಿಲ್ಲ. ದೊಡ್ಡ ಸಿಸ್ಟರೇ ನಡೆದು ಬೇವಿನ ಮರದ ಕೆಳಗೆ ಬಂದರು. ಬಂದ ನಡಿಗೆಯಲ್ಲೇ ನನಗೆ ಅರ್ಥವಾಯಿತು. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ನಾನು ಅತ್ತು ಮುಗಿಸುವವರೆಗೆ ಕಾದರು.

“ಎಲ್ಲಾ ಏಳ್ಲಾ? ಬ್ಯಾಡ ಅಂದ್ರೆ ಬ್ಯಾಡ.”

“ಹೇಳಿ ಸಿಸ್ಟರ್.”

“ನಿನ್ನೆ ಸಂಜೆಯಿಂದ ಮಾಸ್ಕ್ ಕಿತ್ತು ಕಿತ್ತು ಎಸೀತಿದ್ರು. ಬೋ ಕಷ್ಟಪಟ್ರು, ಸುಳ್ಳೇಳಲ್ಲ. ನನ್ ಮಗ್ಳು ಬರ್ಲಿಲ್ವಾ ಅಂತ ಕೇಳಿದ್ರು. ಗೇಟ್ನಾಗವ್ಳೆ, ಬಿಡ್ತಾ ಇಲ್ಲ ಅಂದೆ. ನಂಬಿದ್ರೋ ಇಲ್ವೋ ಗೊತ್ತಿಲ್ಲ ಕಣಮ್ಮ.”

ಆ ಮಾತು ಎದೆಗೆ ಇರಿದಂತಾಯಿತು. ‘ನೆಮ್ಮದಿಯಾಗಿ ಹೋದರು’ ಎಂದಿದ್ದರೆ ಏನಾಗುತ್ತಿತ್ತು ಎಂದು ಆಕೆಯ ಮೇಲೆ ಕೋಪವೂ ಬಂತು. ಆಕೆ ಮುಂದುವರಿಸಿದರು.

“ಬೆಳಗಾಗಿ ನನ್ನನ್ನ ಅಕ್ಕ ಅಂದ್ರು. ಅವ್ರಿಗೆ ಒಬ್ಳು ಅಕ್ಕ ಇದ್ಲಾ?”

“ಇದ್ದರು. ಹೋಗಿ ಬಹಳ ವರ್ಷ ಆಯಿತು.”

“ಅಕ್ಕಾ, ಅವ್ವ ಕೂಗ್ತಾವ್ಳೆ, ಓಗಾಣ ಬಾ ಅಂದ್ರು. ಓಗು, ನಿನ್ ಇಂದೇನೇ ಬತ್ತೀನಿ ಅಂದೆ. ಆಮ್ಯಾಕೆ ಮಾತಾಡ್ಲಿಲ್ಲ.”

ಅದೇ ಮರದ ಕೆಳಗೆ ಕೂತಿದ್ದ ಎಷ್ಟೋ ಜನಕ್ಕೆ ಒಂದು ಪ್ಲಾಸ್ಟಿಕ್ ಗಂಟಿನ ಹೊರತು ಏನೂ ಸಿಗಲಿಲ್ಲ. ತಮ್ಮವರು ಕಡೆಗೆ ಏನು ಕೇಳಿದರು, ಯಾರನ್ನು ಕರೆದರು ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಗೊತ್ತು. ಕೆಲವು ದಿನ ಅದು ಸುಡುತ್ತದೆ. ಆದರೂ ಅದು ಅಮ್ಮನದು, ನನ್ನ ಹತ್ತಿರ ಇದೆ.

ಆಕೆಗೂ ಆ ಬೇಸಿಗೆಯಲ್ಲೇ ಕೊರೋನಾ ಬಂತು. ವಾಸಿಯಾಗಿ ಕೆಲಸಕ್ಕೆ ಮರಳಿದರೂ ಶ್ವಾಸಕೋಶ ಮೊದಲಿನಂತಾಗಲಿಲ್ಲ. ನಿವೃತ್ತಿಯಾಗಿ ಮೇಟ್ಟೂರಿನ ಕಡೆಯ ಊರಿಗೆ, ತಮ್ಮನ ಮನೆಗೆ ಹೋದರು. ಮದುವೆಯಾಗಿರಲಿಲ್ಲ. ಬಿಡುವಾದಾಗ ಓಮಲೂರಿನ ಮೇಲೆ ಬಸ್ಸು ಹಿಡಿದು ಹೋಗಿ ನೋಡಿಬರುತ್ತಿದ್ದೆ. ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿರುತ್ತಿದ್ದರು. ನಾಲ್ಕು ಮಾತಾಡಿದರೆ ಏದುಸಿರು. “ನೀನಾಡು, ನಾನ್ ಕೇಳ್ತೀನಿ” ಅನ್ನುತ್ತಿದ್ದರು. ನಾನು ಹೊರಡುವಾಗ ಧನ್ಯವಾದದ ಮಾತೆತ್ತಿದರೆ, “ಬಸ್ ಓಯ್ತದೆ, ಎದ್ದೋಗು” ಎಂದು ಗದರುತ್ತಿದ್ದರು.

ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಸುದ್ದಿ ಬಂದೊಡನೆ ಹೋದೆ. ಆಸ್ಪತ್ರೆಯ ಕಸ ಗುಡಿಸುವವರು, ಆಯಾಗಳು ವ್ಯಾನು ಮಾಡಿಕೊಂಡು ಬಂದಿದ್ದರು. ಹಿತ್ತಲಲ್ಲಿ ಹೆಂಗಸರು ಮೈ ತೊಳೆಯಲು ಬಾಗಿಲ ಹಲಗೆಯ ಮೇಲೆ ಮಲಗಿಸಿದ್ದರು. ತಮ್ಮನ ಹೆಂಡತಿ ನನ್ನನ್ನು ಕರೆದು ಚೊಂಬು ಕೊಟ್ಟರು.

“ನೀನೂ ಆಕಮ್ಮ. ಮಗ್ಳಿದ್ದಂಗೆ.”

ಕೊರೋನಾದಲ್ಲಿ ಹೋದ ನನ್ನ ಅಮ್ಮನಿಗೆ ಒಂದು ಚೊಂಬು ನೀರು ಹಾಕಲು ನನ್ನನ್ನು ಬಿಟ್ಟಿರಲಿಲ್ಲ. ಹಂಡೆಗೆ ಕೈ ಅದ್ದಿದೆ. ನೀರು ಸುಡುವಷ್ಟು ಬಿಸಿಯಿತ್ತು. ತೊಟ್ಟಿಯಿಂದ ತಣ್ಣೀರು ಬೆರೆಸತೊಡಗಿದೆ.

“ಅವ್ರಿಗಿನ್ನೇನು ಗೊತ್ತಾಯ್ತದೆ, ಉಯ್ಯಮ್ಮ” ಎಂದು ಯಾರೋ ಮುದುಕಿ ಅಂದಳು.

ಕೈಗೆ ಹಿತವಾಗುವವರೆಗೂ ಬೆರೆಸಿ, ಆಮೇಲೆ ಹುಯ್ದೆ.